ಕೀಸುಳಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ಭಕ್ತರ ಮನಸ್ಸು ಗುಡಿಗೋಪುರಗಳ ಕಡೆಗೆ, ಹಳೆಯ ಮಠಗಳ ಮಹಾದ್ವಾರಗಳ ಕಡೆಗೆ ಹರಿಯುತ್ತದೆ. ಆ ಮಹಾದ್ವಾರದ ಹಲಗೆಯನ್ನು ನುಣುಪುಗೊಳಿಸಿದ ಉಪಕರಣಕ್ಕೂ ಜೀರ್ಣೋದ್ಧಾರ ಸಲ್ಲಬೇಕೆಂಬ ವಿಚಾರ ಬಹುಮಂದಿಗೆ ಹೊಳೆಯುವುದಿಲ್ಲ. ಕಾಯಕವನ್ನು ಕೊಂಡಾಡುವ ಮನೆಯವರೇ ಕಾಯಕದ ಉಪಕರಣವನ್ನು ಗುಜರಿಯವನ ತಕ್ಕಡಿಗೆ ಹಾಕುವುದು ವಿಪರ್ಯಾಸವಾದರೂ ನಿತ್ಯ ನಡೆಯುವ ಸಂಗತಿ.

ಮರವನ್ನು ಹೆರೆದು ಸಮ ಮಾಡುವ ಈ ಉಪಕರಣಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬಡತನವಿಲ್ಲ. ಕೀಸುಳಿ, ಹತ್ತರಿ, ತೋಪಡ, ಉಜ್ಜುಗೊರಡು ಇವೆಲ್ಲ ಅದರ ಹೆಸರುಗಳೇ. ಕೊಂಕಣಿ, ಮರಾಠಿಗಳ ಒಡನಾಟವಿರುವ ಕಾರವಾರದ ಕಡೆ ರಂಧಾ ಎಂದರೂ ಅರ್ಥವಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಡಗಿಯ ವೃತ್ತಿಯ ಬಸವಯ್ಯನವರನ್ನು ಪರಂಪರೆಯು ಅವರ ಉಪಕರಣದ ಹೆಸರಿನಿಂದಲೇ, ಬಾಚಿ ಕಾಯಕದ ಬಸವಯ್ಯನೆಂದೇ, ಕರೆದು ಗೌರವಿಸಿತು. ಉಪಕರಣವು ಮನುಷ್ಯನಿಗೆ ಹೆಸರಾಗಬಲ್ಲದಾದರೆ ಅದು ಕೇವಲ ಕಬ್ಬಿಣದ ತುಂಡಲ್ಲ.

ವರ್ಷದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿಯ ಸನ್ನಿಧಿಯಿಂದ ಹೆಸರಾದ ಹಣಕೋಣದಂಥ ಊರನ್ನೇ ತೆಗೆದುಕೊಳ್ಳಬಹುದು. ಸಮುದ್ರ ದೂರವಿಲ್ಲ, ಗಾಳಿಯಲ್ಲಿ ಉಪ್ಪು, ಮಳೆಗಾಲದಲ್ಲಿ ಬಿಡದ ತೇವ. ಇಂಥ ಕಡೆ ಆಚಾರಿಯ ಪೆಟ್ಟಿಗೆಯೊಂದು ಹತ್ತು ಮಳೆಗಾಲ ಅಟ್ಟದಲ್ಲಿ ಉಳಿದರೆ ಅದರೊಳಗಿನ ಕೀಸುಳಿಯ ಗತಿ ಏನಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಲಗಿಗೆ ತುಕ್ಕು, ಮರಕ್ಕೆ ಹುಳು, ಬೆಣೆ ನಾಪತ್ತೆ. ಅದನ್ನು ಕಂಡ ಮನೆಯವರು ಎರಡರಲ್ಲೊಂದು ಮಾಡುತ್ತಾರೆ. ಒಂದೋ ಗುಜರಿಗೆ ಹಾಕುತ್ತಾರೆ, ಇಲ್ಲವೇ ಥಳಥಳ ಉಜ್ಜಿ ಗಾಜಿನ ಕಪಾಟಿನಲ್ಲಿಡುತ್ತಾರೆ. ಮೊದಲನೆಯದು ಉಪೇಕ್ಷೆ; ಎರಡನೆಯದು ಗೌರವದ ವೇಷ ತೊಟ್ಟ ಉಪೇಕ್ಷೆ. ಕೀಸುಳಿಗೆ ಸಲ್ಲುವ ಗೌರವವೆಂದರೆ ಅದು ಮತ್ತೆ ಮರದ ಮೇಲೆ ಓಡುವುದು.

ಉಜ್ಜುವ ಮೊದಲು ಗುರುತಿಸಬೇಕು. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಮರದ ಕೀಸುಳಿಯಾದರೆ ಅದರ ಮುಂದಿನ ತುದಿಯ ಅಡ್ಡಮೈಯನ್ನು ಓರೆಬೆಳಕಿನಲ್ಲಿ ಹಿಡಿದು ನೋಡಬೇಕು. ವಿಲಾಯತಿಯ ಕೀಸುಳಿಗಳಲ್ಲಿ ತಯಾರಕನ ಮುದ್ರೆ ಇರುತ್ತಿದ್ದುದು ಅಲ್ಲಿಯೇ. ಅದರ ಸುತ್ತ ಒಡೆಯರು ತಮ್ಮ ತಮ್ಮ ಹೆಸರನ್ನೋ ಅಕ್ಷರಗಳನ್ನೋ ಒತ್ತಿಕೊಳ್ಳುತ್ತಿದ್ದರು. ಅಲಗಿನ ಮೇಲೆ ಶೆಫೀಲ್ಡ್ ಎಂದಿರುವುದನ್ನು ಕಂಡು ಇಡೀ ಕೀಸುಳಿ ಇಂಗ್ಲೆಂಡಿನದೆಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು. ಆ ಮುದ್ರೆ ಅಲಗನ್ನು ಬಡಿದವನದು ಮಾತ್ರ. ಶೆಫೀಲ್ಡಿನ ಉಕ್ಕಿನ ಅಲಗನ್ನು ಕೊಂಡು, ಊರಿನ ಗಟ್ಟಿಮರದಲ್ಲಿ ತಾನೇ ಒಡಲು ಕೊರೆದುಕೊಂಡ ಆಚಾರಿಯ ಕೈ ಅಲ್ಲಿ ಅಡಗಿರಬಹುದು. ಅದು ಕಡಿಮೆ ಬೆಲೆಯದಲ್ಲ, ಹೆಚ್ಚಿನದು.

ಎರಕದ ಕಬ್ಬಿಣದ ಕೀಸುಳಿಯಾದರೆ ಅದರ ವಂಶಾವಳಿ ಬಹುತೇಕ ಅಮೆರಿಕದ ಲಿಯೊನಾರ್ಡ್ ಬೇಲಿಯವರೆಗೆ ಹೋಗುತ್ತದೆ. ಸ್ಟ್ಯಾನ್ಲಿ ಕಂಪನಿಯು 1869ರಲ್ಲಿ ಬೇಲಿಯ ಪೇಟೆಂಟುಗಳನ್ನು ತನ್ನದಾಗಿಸಿಕೊಂಡಿತು. ಇಂಗ್ಲೆಂಡಿನ ರೆಕಾರ್ಡ್ 1931ರಿಂದ ಅದೇ ಮಾದರಿಯವನ್ನು ತಯಾರಿಸಿತು; ಪಂಜಾಬಿನ ಅನಂತ್ ಕೀಸುಳಿಗಳೂ ಆ ಮಾದರಿಯವೇ. ಸಂಖ್ಯೆಗಳು ಗಾತ್ರವನ್ನು ಹೇಳುತ್ತವೆ: 4 ಎಂದರೆ ಸುಮಾರು 9 ಅಂಗುಲ, 5 ಎಂದರೆ 14, 7 ಎಂದರೆ 22. ಸ್ಟ್ಯಾನ್ಲಿಯಲ್ಲಿ ಅಲಗನ್ನು ಒತ್ತಿಹಿಡಿಯುವ ಮುಚ್ಚಳದ ರಂಧ್ರವು ಬೀಗದ ಕೈಯ ತೂತಿನಂತಿದ್ದರೆ ಹಳೆಯದು, ಮೂತ್ರಪಿಂಡದ ಆಕಾರದಲ್ಲಿದ್ದರೆ 1933ರಿಂದ ಈಚಿನದು. ಆದರೆ ಅಲಗು, ಮುಚ್ಚಳ, ಹಿಡಿ ಇವೆಲ್ಲ ಒಂದರಿಂದ ಇನ್ನೊಂದಕ್ಕೆ ವಲಸೆ ಹೋಗುವಂಥವು. ಆದ್ದರಿಂದ ಕಾಲನಿರ್ಣಯಕ್ಕೆ ಅಡಿಯ ಎರಕವನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು. ಎರಕದಲ್ಲಿ 1910ರ ಪೇಟೆಂಟ್ ದಿನಾಂಕವಿದ್ದರೆ ಅದು 1910ಕ್ಕಿಂತ ಹಿಂದಿನದಲ್ಲವೆಂದಷ್ಟೇ ಅರ್ಥ. ಅದೇ ವರ್ಷದ್ದೆಂದು ಹೇಳಲಾಗದು.

ಗುರುತಿಸಿದ ಮೇಲೆ ಕಳೆದುಹೋದ ಅಂಗದ ಪ್ರಶ್ನೆ ಬರುತ್ತದೆ. ಮರದ ಕೀಸುಳಿಯಲ್ಲಿ ಅಲಗೂ ಬೆಣೆಯೂ ಎರಡೂ ಇಲ್ಲವಾದರೆ ಮೊದಲು ಬೆಣೆಯನ್ನು ಕೆತ್ತಲು ಕೂರುವುದು ಅವಿವೇಕ. ಹಳೆಯ ಅಲಗುಗಳು ಬಾಯಿಯ ಕಡೆ ದಪ್ಪ, ಮೇಲೆ ಹೋದಂತೆ ತೆಳು; ಇಂದಿನವು ಉದ್ದಕ್ಕೂ ಒಂದೇ ದಪ್ಪ. ಬೆಣೆಯ ಓರೆಯು ಅಲಗಿನ ದಪ್ಪವನ್ನು ಅನುಸರಿಸುವುದರಿಂದ ಅಲಗು ಮೊದಲು, ಬೆಣೆ ನಂತರ. ಅಲಗು ಸಿಕ್ಕ ಬಳಿಕ ಅದನ್ನು ಒಳಗಿಟ್ಟು, ಇಕ್ಕೆಲದ ಗಾಡಿಯ ಓರೆಯನ್ನು ರಟ್ಟಿನ ಮೇಲೆ ಎತ್ತಿಕೊಂಡು, ನಾರು ಉದ್ದಕ್ಕೆ ಸಾಗುವ ಗಟ್ಟಿಮರದಲ್ಲಿ ಬೆಣೆಯನ್ನು ಕೆತ್ತಬೇಕು. ಸಿಪ್ಪೆ ಹೊರಬರಲು ದಾರಿಯಿರುವಂತೆ ಅದರ ಕೆಳತುದಿಯನ್ನು ಎರಡು ಕಾಲಾಗಿ ಕವಲೊಡೆಸಬೇಕು. ಬೆಣೆ ಹಿಡಿಯಬೇಕಾದದ್ದು ಆ ಕಾಲುಗಳ ತುದಿಯಲ್ಲಿ. ಮೇಲುಗಡೆ ಬಿಗಿದು ಕೆಳಗೆ ಸಡಿಲವಾದರೆ ಅಲಗು ನಡುಗುತ್ತದೆ, ಸಂದಿಗೆ ಸಿಪ್ಪೆ ಸಿಕ್ಕಿಕೊಳ್ಳುತ್ತದೆ. ಸುಣ್ಣದ ಕಡ್ಡಿಯನ್ನು ಗಾಡಿಗೆ ಸವರಿ ಬೆಣೆಯನ್ನು ತಳ್ಳಿ ತೆಗೆದರೆ ಅದು ಎಲ್ಲಿ ತಾಗುತ್ತದೆಂಬುದನ್ನು ಬಿಳಿಯ ಗುರುತೇ ಹೇಳುತ್ತದೆ. ಅಲ್ಲಿ ಮಾತ್ರ ಹೆರೆಯಬೇಕು. ಒಡಲನ್ನು ಎಂದಿಗೂ ಬೆಣೆಗಾಗಿ ಕೊರೆಯಬಾರದು. ಉಳಿದಿರುವುದಕ್ಕೆ ಹೊಸತು ಹೊಂದಿಕೊಳ್ಳಬೇಕೇ ಹೊರತು ಹೊಸತಿಗಾಗಿ ಉಳಿದಿರುವುದನ್ನು ಕೆಡಿಸುವುದಲ್ಲ. ಜೀರ್ಣೋದ್ಧಾರದ ಧರ್ಮವೆಲ್ಲ ಈ ಒಂದು ಮಾತಿನಲ್ಲಿದೆ.

ಕಬ್ಬಿಣದ ಕೀಸುಳಿಯಲ್ಲಿ ಈ ಧರ್ಮ ಇನ್ನೂ ಕಠಿಣ. ಸ್ಟ್ಯಾನ್ಲಿಯ ಹಿಡಿಯನ್ನು ಹಿಡಿದಿಡುವ ತಿರುಪಿನ ಎಳೆ ಅಂಗುಲಕ್ಕೆ 20; ಆ ಅಳತೆ ಪೇಟೆಯ ಸಾಮಾನ್ಯ ಸ್ಕ್ರೂಗಳದಲ್ಲ. ಹತ್ತಿರದ ಹಾರ್ಡ್‌ವೇರ್ ಅಂಗಡಿಯ 6 ಮಿಲಿಮೀಟರ್ ಸ್ಕ್ರೂವನ್ನು ಬಲವಂತದಿಂದ ತಿರುಗಿಸಿದರೆ ಎರಕದ ಎಳೆ ಹಾಳಾಗಿ, ಕಳೆದ ಒಂದು ಭಾಗಕ್ಕೆ ಬದಲಾಗಿ ಇಡೀ ಕೀಸುಳಿಯೇ ಕಳೆದಂತಾಗುತ್ತದೆ. ಅಂಥದೇ ಮುರುಕು ಕೀಸುಳಿಯಿಂದ ಸ್ಕ್ರೂ ತೆಗೆದುಕೊಳ್ಳುವುದು ಅಥವಾ ಲೇತ್ ಕೆಲಸದವರಿಂದ ಅದೇ ಅಳತೆಯದನ್ನು ಮಾಡಿಸುವುದು ಸರಿಯಾದ ಮಾರ್ಗ. ಅಲಗನ್ನು ಏರಿಳಿಸುವ ಹಿತ್ತಾಳೆಯ ಗಾಲಿಗೆ ಸಾಮಾನ್ಯವಾಗಿ ಎಡಸುತ್ತಿನ ಎಳೆಯಿರುವುದನ್ನೂ ಮರೆಯಬಾರದು. ಅಡಿಯು ಬಾಯಿಯ ಬಳಿ ಆರಪಾರ ಬಿರಿದಿದ್ದರೆ ಅದನ್ನು ಬಿಡಿಭಾಗಗಳಿಗಾಗಿ ಉಳಿಸಿಕೊಳ್ಳುವುದೇ ವಿವೇಕ.

ತುಕ್ಕಿಗೆ ಸೀಮೆಎಣ್ಣೆ, ವಿನೆಗರ್, ಹುಣಸೆಹುಳಿ ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಹುಳಿಯಲ್ಲಿ ನೆನೆಸಿದ ಲೋಹವನ್ನು ವಾಷಿಂಗ್ ಸೋಡಾದ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರದಿದ್ದರೆ ಕರಾವಳಿಯ ಗಾಳಿ ಮರುದಿನವೇ ತುಕ್ಕನ್ನು ಹಿಂದಿರುಗಿಸುತ್ತದೆ. ಮುದ್ರೆಯಿರುವ ಜಾಗಕ್ಕೆ ಉಪ್ಪುಕಾಗದ ತಾಗಿಸಬಾರದು. ಮರದ ಕೀಸುಳಿಯ ಅಡಿಯನ್ನು ಸಮ ಮಾಡುವಾಗ ಅಲಗನ್ನು ಒಳಕ್ಕೆಳೆದು ಬೆಣೆ ಬಿಗಿದೇ ಇರಬೇಕು. ಬೆಣೆಯ ಒತ್ತಡ ಒಡಲನ್ನು ಅಷ್ಟಿಷ್ಟು ಬಾಗಿಸುವುದುಂಟು. ಕೊನೆಗೆ ಅಲಗನ್ನು ಸಾಣೆಕಲ್ಲಿನ ಮೇಲೆ 25ರಿಂದ 30 ಡಿಗ್ರಿ ಓರೆಗೆ ಹದಗೊಳಿಸಬೇಕು.

ವಿದ್ಯುತ್ ಯಂತ್ರ ಕ್ಷಣದಲ್ಲಿ ಮಾಡುವ ಕೆಲಸಕ್ಕೆ ಇಷ್ಟು ಶ್ರಮವೇಕೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನೂರು ಹಲಗೆಗಳನ್ನು ಹೆರೆಯಬೇಕಾದವನಿಗೆ ಯಂತ್ರವೇ ಯೋಗ್ಯ. ಆದರೆ ಆಷಾಢದ ತೇವಕ್ಕೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲು ಕಾರವಾರ, ಅಂಕೋಲೆಗಳ ಮನೆಮನೆಯ ಅನುಭವ. ಅದಕ್ಕೆ ಬೇಕಾದದ್ದು ಕಾಗದದಷ್ಟು ತೆಳುವಾದ ಒಂದೆರಡು ಸಿಪ್ಪೆ ಮಾತ್ರ. ಹೆಚ್ಚು ಹೆರೆದರೆ ಬೇಸಿಗೆಯಲ್ಲಿ ಸಂದಿ ಬಾಯ್ದೆರೆಯುತ್ತದೆ. ಎಷ್ಟು ಸಾಕು ಎಂಬುದನ್ನು ಅಂಗೈಗೆ ತಿಳಿಸುವ ಗುಣ ಕೈಯ ಕೀಸುಳಿಯದು.

ಆದ್ದರಿಂದ ಅಟ್ಟದಲ್ಲಿ ಇಂಥದೊಂದು ಸಿಕ್ಕವರು ಅದನ್ನು ತೂಕಕ್ಕೆ ಹಾಕುವ ಮುನ್ನ ಊರಿನಲ್ಲಿ ಉಳಿದಿರುವ ಹಿರಿಯ ಆಚಾರಿಯೊಬ್ಬರ ಕೈಗೆ ಕೊಟ್ಟು ನೋಡುವುದು ಒಳ್ಳೆಯದು. ಬೆಣೆ ಎಲ್ಲಿ ಹಿಡಿಯಬೇಕು, ಅಲಗು ಎಷ್ಟು ಇಣುಕಬೇಕು ಎಂಬುದು ಅವರ ಬೆರಳುಗಳಿಗೆ ಗೊತ್ತು, ಪುಸ್ತಕಕ್ಕೆ ಅಷ್ಟಾಗಿ ಗೊತ್ತಿಲ್ಲ. ಮನೆಯ ಹುಡುಗನೊಬ್ಬ ಪಕ್ಕದಲ್ಲಿ ಕುಳಿತು ನೋಡಲಿ. ಹೊಸ ಬೆಣೆಯ ಒಳಮೈಯಲ್ಲಿ ಅದನ್ನು ಮಾಡಿದ ವರ್ಷವನ್ನು ಬರೆದಿಡಲಿ. ಮುಂದೆ ಅದನ್ನು ಗುರುತಿಸಲು ಕೂರುವವನಿಗೆ ಯಾವುದು ಹಳೆಯದು, ಯಾವುದು ಸೇರಿಸಿದ್ದು ಎಂಬುದು ಮರೆಮಾಚದೆ ತಿಳಿಯಲಿ. ಕಳೆದ ಬೆಣೆಯನ್ನು ಮತ್ತೆ ಕೆತ್ತಬಹುದು. ಕೆತ್ತಬಲ್ಲವರು ಇಲ್ಲವಾದರೆ ಆ ಕೊರತೆಯನ್ನು ತುಂಬುವುದು ಸುಲಭವಲ್ಲ.