ಹೊಳೆ ಪಕ್ಕದಲ್ಲೇ ಐತೆ ಅಂತ ನಲ್ಲಿ ಬಿಟ್ಕೊಂಡು ಕೂರೋದಾ?

1/5
ಫ್ರೆಂಡ್ಸ್, ಮೊದಲ ಫೋಟೋ ನೋಡಿ. ಒಂದು ನಲ್ಲಿ, ಕೆಳಗೆ ಹತ್ತು ಲೀಟರಿನ ಬಕೆಟ್, ಪಕ್ಕದಲ್ಲಿ ನನ್ನ ಫೋನಿನ ಸ್ಟಾಪ್‌ವಾಚ್. ಬಕೆಟ್ ತುಂಬೋಕೆ ಹಿಡಿದದ್ದು 75 ಸೆಕೆಂಡ್.

ಇದು ನಮ್ಮ ಕಡೆಯ ಒಂದು ಮದರಸದ ವಜೂ ನಲ್ಲಿ. ಚಿಕ್ಕವನಿದ್ದಾಗ ಸಂಜೆ ಹೊತ್ತು ನಾನೂ ಅಲ್ಲೇ ಓದಿದ್ದು, ಈಗ ನನ್ನ ತಮ್ಮ ಹೋಗ್ತಾನೆ. ವಜೂ ಅಂದ್ರೆ ಏನು ಅಂತ ಗೊತ್ತಿಲ್ಲದ ಕ್ಲಾಸ್‌ಮೇಟ್‌ಗಳಿಗೆ ಹೇಳ್ತೀನಿ: ನಮಾಜಿಗೆ ಮುಂಚೆ, ಕುರಾನ್ ಕೈಗೆತ್ತಿಕೊಳ್ಳೋಕೆ ಮುಂಚೆ, ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ತಲೆ ಮೇಲೆ ಒದ್ದೆ ಕೈ ಸವರಿ, ಕಾಲು ತೊಳೆಯೋದು.

ಮಕ್ಕಳು ಏನು ಮಾಡ್ತಾರೆ ಗೊತ್ತಾ? ಶುರುವಿಂದ ಕೊನೆವರೆಗೂ ನಲ್ಲಿ ಪೂರ್ತಿ ಬಿಟ್ಟೇ ಇರ್ತಾರೆ. ನನ್ನ ತಮ್ಮನಿಗೆ ಹಿಡಿದ ಟೈಮು ಒಂದೂವರೆ ನಿಮಿಷ. ನನ್ನ ಬಕೆಟ್ ಲೆಕ್ಕದಲ್ಲಿ 12 ಲೀಟರ್. ಅಲ್ಲಿ ಓದೋ ಮಕ್ಕಳು ಸುಮಾರು 40. ದಿನಕ್ಕೆ 480 ಲೀಟರ್ ಚರಂಡಿಗೆ ಹೋಯ್ತು.

2/5
ಅದೇ ಮದರಸದಲ್ಲಿ ಹಜರತ್ ನಮಗೆ ಒಂದು ಹದೀಸ್ ಕಲಿಸಿದ್ರು. ಪ್ರವಾದಿಯವರ ಸಂಗಾತಿ ಸಅದ್ ಅನ್ನೋರು ವಜೂ ಮಾಡ್ತಿದ್ದಾಗ ನೀರು ಜಾಸ್ತಿ ಸುರೀತಿದ್ರಂತೆ. ಪ್ರವಾದಿಯವರು ಇದೇನು ಪೋಲು ಅಂತ ಕೇಳಿದ್ರು. ವಜೂನಲ್ಲೂ ಪೋಲು ಅನ್ನೋದು ಇರತ್ತಾ ಅಂತ ಸಅದ್‌ಗೆ ಆಶ್ಚರ್ಯ. ಹೌದು, ಹರಿಯೋ ಹೊಳೆ ದಂಡೆಯಲ್ಲಿ ಕೂತು ಮಾಡಿದ್ರೂ ಪೋಲು ಪೋಲೇ ಅನ್ನೋದು ಉತ್ತರ. ಪ್ರವಾದಿಯವರು ವಜೂ ಮಾಡ್ತಿದ್ದದ್ದು ಒಂದು ಮುದ್ದ್ ನೀರಲ್ಲಿ ಅಂತ ಇನ್ನೊಂದು ಹದೀಸ್ ಐತೆ. ಮುದ್ದ್ ಅಂದ್ರೆ ಒಂದು ಬೊಗಸೆಯ ಅಳತೆ, ಇವತ್ತಿನ ಲೆಕ್ಕದಲ್ಲಿ ಹೆಚ್ಚೆಂದರೆ ಒಂದು ಲೀಟರ್.

ಇದನ್ನ ನಾವು ಬಾಯಿಪಾಠ ಮಾಡಿದ್ವಿ. ಪರೀಕ್ಷೇಲಿ ತಪ್ಪಿಲ್ಲದೆ ಒಪ್ಪಿಸಿದ್ವಿ. ಆಮೇಲೆ ಎದ್ದು ಹೋಗಿ ನಲ್ಲಿ ಪೂರ್ತಿ ಬಿಟ್ವಿ.

ನಾನು ಹೇಳಬೇಕಾದ್ದು ಇಷ್ಟೇ. ಮದರಸಗಳಿಗೆ ಪರಿಸರ ಅನ್ನೋ ಹೊಸ ಸಬ್ಜೆಕ್ಟ್ ಬೇಕಾಗಿಲ್ಲ. ಜೂನ್ 5ಕ್ಕೆ ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳೋದೂ ಬೇಕಾಗಿಲ್ಲ. ಪಾಠ ಆಗಲೇ ಐತೆ. ಅದು ಚಾಪೆಯಿಂದ ಎದ್ದು ನಲ್ಲಿ ಹತ್ರ ಬರಬೇಕು, ಅಷ್ಟೇ.

3/5
ಈ ಮಾತು ಎತ್ತಿದಾಗ ಹಿರಿಯರೊಬ್ಬರು ನಕ್ಕು, "ಪಕ್ಕದಲ್ಲೇ ತುಂಗಭದ್ರೆ ಹರೀತಾಳೆ, ನಿಂಗ್ಯಾಕಪ್ಪ ನೀರಿನ ಚಿಂತೆ?" ಅಂದ್ರು. ಯೋಚನೆ ಮಾಡಿ, ಆ ಹದೀಸ್ ಉತ್ತರ ಕೊಟ್ಟಿರೋದು ಸರಿಯಾಗಿ ಈ ಪ್ರಶ್ನೆಗೇ ಅಲ್ವಾ? ಹೊಳೆ ದಂಡೆ ಊರಿನೋರಿಗೇ ಹೇಳಿದಂಗೈತೆ.

ಹೊಳೆ ಯಾವಾಗಲೂ ಹಿಂಗೇ ಇರತ್ತೆ ಅನ್ನೋ ಧೈರ್ಯನೂ ಬೇಡ. 2019ರ ಆಗಸ್ಟಲ್ಲಿ ಇದೇ ಹೊಳೆ ನಮ್ಮೂರ ತಗ್ಗಿನ ಮನೆಗಳಿಗೆ ನುಗ್ಗಿತ್ತು. 2023ರಲ್ಲಿ ಮಳೆ ಕೈ ಕೊಟ್ಟು, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರನೇ ಘೋಷಿಸಿತು. ಮಾರನೇ ವರ್ಷ ಮಾರ್ಚ್, ಏಪ್ರಿಲಲ್ಲಿ ರಂಜಾನ್ ಬಂತು. ಹೊಳೆಯಲ್ಲಿ ನೀರಿಗಿಂತ ಬಂಡೆನೇ ಜಾಸ್ತಿ ಕಾಣ್ತಿತ್ತು. ಮದರಸದ ಬೋರು ಗಾಳಿ ಉಗುಳ್ತಿತ್ತು. ಚಂದಾ ಎತ್ತಿ ಟ್ಯಾಂಕರ್ ತರಿಸಿದ್ವಿ. ನಂಗೆ ಇನ್ನೂ ಮರೆಯೋಕೆ ಆಗದೇ ಇರೋದು ಅದಲ್ಲ. ಆ ದುಡ್ಡು ಕೊಟ್ಟು ತಂದ ನೀರನ್ನೂ ನಾವು ಅದೇ ಥರ ಸುರಿದ್ವಿ. ನಾನೂ ಸುರಿದೆ.

4/5
"ನಮ್ಮ ಮನೆ ವಿಷಯ ಬೀದಿಗೆ ಯಾಕೆ ತರ್ತೀಯ? ಮೊದಲೇ ಮದರಸ ಅಂದ್ರೆ ಜನ ಏನೇನೋ ಮಾತಾಡ್ತಾರೆ" ಅಂತ ನನ್ನ ಗೆಳೆಯ ಕೇಳಿದ. ಅವನ ಭಯ ಸುಳ್ಳಲ್ಲ. ಈ ಪೋಸ್ಟ್ ಮೂರು ದಿನ ಡ್ರಾಫ್ಟಲ್ಲೇ ಇತ್ತು, ಅದಕ್ಕೇ.

ಆದ್ರೆ ನೀವೇ ಹೇಳಿ, ನಲ್ಲಿ ಸೋರದ ಕಾಲೇಜು, ಹಾಸ್ಟೆಲ್ಲು, ಕಲ್ಯಾಣ ಮಂಟಪ ಯಾವುದೈತೆ? ತಪ್ಪು ಎಲ್ಲರದ್ದೂ ಹೌದು. ನಾನು ಬೆಳೆದ ಜಾಗದ ಬಗ್ಗೆ ನಾನು ಹೇಳಬೇಕು, ನಿಮ್ಮ ಜಾಗದ ಬಗ್ಗೆ ನೀವು. ಇದನ್ನ ಸ್ಕ್ರೀನ್‌ಶಾಟ್ ತೆಗೆದು ಬೈಯೋಕೆ ಬಳಸೋರು ಮೊದಲು ತಮ್ಮ ಮನೆ ನಲ್ಲಿ ಕೆಳಗೆ ಒಂದು ಬಕೆಟ್ ಇಟ್ಟು ನೋಡಲಿ.

ಬೇರೆ ಕಡೆ ಇದು ಆಗ್ತಾ ಐತೆ. ಇಂಡೋನೇಷ್ಯಾದಲ್ಲಿ ನಮ್ಮ ಮದರಸದಂಥ ವಸತಿ ಶಾಲೆಗಳಿಗೆ ಪೆಸಂತ್ರೆನ್ ಅಂತಾರೆ. ಅವುಗಳಿಗೇ ಅಂತ ಅಲ್ಲಿನ ಪರಿಸರ ಇಲಾಖೆ 2008ರಲ್ಲಿ ಇಕೋ-ಪೆಸಂತ್ರೆನ್ ಯೋಜನೆ ತಂತು. ಇಂಗ್ಲೆಂಡಿನ ಕೇಂಬ್ರಿಡ್ಜಲ್ಲಿ 2019ರಲ್ಲಿ ಶುರುವಾದ ಮಸೀದಿ ಮಳೆನೀರು ಹಿಡಿದು ಮತ್ತೆ ಬಳಸತ್ತೆ. ಅಷ್ಟು ದೊಡ್ಡ ಕಟ್ಟಡ ನಮ್ಮಿಂದ ಆಗಲ್ಲ ನಿಜ. ಆಗೋದನ್ನ ಹೇಳ್ತೀನಿ.

5/5
ಬಿಕಾಂ ಓದ್ತಿರೋನು, ಲೆಕ್ಕ ಹಾಕದೆ ಬಿಡಲ್ಲ.

ಒಂದು: ಮಗ್. ಒಂದೂವರೆ ಲೀಟರಿನ ಮಗ್ ತುಂಬಿಕೊಂಡು ವಜೂ ಮಾಡಿದ್ರೆ 40 ಮಕ್ಕಳಿಗೆ 60 ಲೀಟರ್ ಸಾಕು. ದಿನಕ್ಕೆ 420 ಲೀಟರ್ ಉಳೀತು. ತಿಂಗಳಿಗೆ 25 ದಿನ ಅಂತ ಹಿಡಿದ್ರೆ 10,500 ಲೀಟರ್. 5,000 ಲೀಟರಿನ ಟ್ಯಾಂಕರ್ ಎರಡು! ಖರ್ಚು ಬರೀ ಮಗ್ಗಿಂದು.

ಎರಡು: ಪೈಪು. ವಜೂ ನೀರಲ್ಲಿ ಸೋಪಿಲ್ಲ. ಒಂದ್ಸಲ ಬಳಸಿದ ನೀರು ಇನ್ನೊಂದು ವಜೂಗೆ ಬರಲ್ಲ, ಆದ್ರೆ ಗಿಡಕ್ಕೆ ಹಾಕೋಕೆ ಅಡ್ಡಿಯಿಲ್ಲ. ಚರಂಡಿಗೆ ಹೋಗೋ ಪೈಪನ್ನ ಅಂಗಳದ ಕಡೆ ತಿರುಗಿಸಿದ್ರೆ ನಾಲ್ಕು ನುಗ್ಗೆ, ಎರಡು ಬೇವು ಬದುಕ್ತಾವೆ.

ಮೂರು: ತಟ್ಟೆ. ಜಲ್ಸಾ, ಇಫ್ತಾರ್ ಮುಗಿದ ಮೇಲೆ ಪ್ಲಾಸ್ಟಿಕ್ ತಟ್ಟೆ ಲೋಟದ ರಾಶಿ ನೋಡಿದ್ದೀರಲ್ಲ? ಅವು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ನಾವಿರೋದು ಅಡಿಕೆ ತೋಟಗಳ ನಡುವೆ. ಹಾಳೆ ತಟ್ಟೆ ನಮಗೆ ಸಿಗದೆ ಇನ್ಯಾರಿಗೆ ಸಿಗಬೇಕು?

ಬಕೆಟ್ ಫೋಟೋನ ಹಜರತ್‌ಗೆ ತೋರಿಸಿದೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಒಳಗೆ ಕೂತು ಕಲಿಸಿದೆ, ನಾಳೆಯಿಂದ ನಲ್ಲಿ ಹತ್ರ ನಿಂತು ಕಲಿಸ್ತೀನಿ" ಅಂದ್ರು. ಮಾರನೇ ದಿನ ನಿಂತ್ರು. ಕೊನೇ ಫೋಟೋದಲ್ಲಿರೋ ಸಾಲು ಮಗ್‌ಗಳು ಅವರು ತರಿಸಿದ್ದು. ಪೈಪಿನ ವಿಷಯ ಇನ್ನೂ ಕಮಿಟಿ ಮುಂದೆ ಐತೆ, ಆಗತ್ತೋ ಇಲ್ವೋ ಗೊತ್ತಿಲ್ಲ. ತಮ್ಮ ಮಾತ್ರ ಈಗ ಮನೇಲಿ ನಾನು ಹಲ್ಲುಜ್ಜುವಾಗ ಬಂದು ನಲ್ಲಿ ಬಂದ್ ಮಾಡಿ ಹೋಗ್ತಾನೆ.

ನಿಮ್ಗೊಂದು ಕೆಲಸ. ಮದರಸ, ಮಠದ ಹಾಸ್ಟೆಲ್, ಸರ್ಕಾರಿ ಶಾಲೆ, ನೀವು ಓದಿದ ಜಾಗ ಯಾವುದೇ ಇರಲಿ, ಈ ವಾರ ಒಂದ್ಸಲ ಹೋಗಿ ನಲ್ಲಿ ಕೆಳಗೆ ಬಕೆಟ್ ಇಡಿ. ಎಷ್ಟು ಸೆಕೆಂಡಿಗೆ ತುಂಬ್ತು ಅಂತ ಕಮೆಂಟಲ್ಲಿ ಹಾಕಿ. ಜಾಗದ ಹೆಸರು ಬೇಡ, ನಂಬರ್ ಸಾಕು. ಲೆಕ್ಕ ನಾನು ಮಾಡ್ತೀನಿ.

#ಹೊನ್ನಾಳಿ #ತುಂಗಭದ್ರಾ #ಮದರಸ #ನೀರುಉಳಿಸಿ