ಬೀಜ ಕಿಲೋ ಲೆಕ್ಕದಲ್ಲಿ ಪಯಣಿಸಬೇಕೆ?

ಸುಗ್ಗಿ ಮುಗಿದು ಕಣ ಬರಿದಾಗುತ್ತಿದ್ದಂತೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬೀಜ ಸಂಗ್ರಾಹಕರ ನಡುವೆ ವಿನಿಮಯದ ಮಾತು ಆರಂಭವಾಗುತ್ತದೆ. ಒಬ್ಬರಲ್ಲಿ ಗಂಧಸಾಲೆ ಇದೆ, ರತ್ನಚೂಡಿ ಬೇಕು. ಇನ್ನೊಬ್ಬರಲ್ಲಿ ನೆರೆಗೂಳಿ ಇದೆ, ಜೀರಿಗೆ ಸಣ್ಣ ಬೇಕು. ಮಾತು ಕುದುರುತ್ತದೆ. ಆದರೆ ಹತ್ತು ಕಿಲೋ ಭತ್ತವನ್ನು ಕೊರಿಯರ್ ಅಂಗಡಿಯ ತಕ್ಕಡಿಗೆ ಇಟ್ಟಾಗ ಸಾಗಣೆಯ ಖರ್ಚು ಕೇಳಿ ಕಳಿಸುವವರು ಚೀಲವನ್ನು ಮನೆಗೆ ಹಿಂದಕ್ಕೆ ತರುತ್ತಾರೆ. ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವ ಈ ಸೀಮೆಯಲ್ಲಿ ಒಂದು ತಳಿ ಒಂದೇ ಮನೆಯಲ್ಲಿ ಉಳಿದಿದ್ದರೆ, ಆ ಮನೆಯವರು ಬೇಸಾಯ ಬಿಟ್ಟ ವರ್ಷವೇ ಅದರ ಕೊನೆಯ ವರ್ಷ. ಆದುದರಿಂದ ಸಾಗಣೆ ವೆಚ್ಚವೆಂಬುದು ಚಿಲ್ಲರೆ ಪ್ರಶ್ನೆಯಲ್ಲ.

ನಮಗಿದ್ದ ಅಗ್ಗದ ದಾರಿಗಳು ಒಂದೊಂದಾಗಿ ಮುಚ್ಚಿವೆ. ಬಸ್ಸಿನವರ ಕೈಗೆ ಗಂಟು ಕೊಟ್ಟು ಕಳಿಸುವುದು ಮಲೆನಾಡಿನ ಹಳೆಯ ರೂಢಿ. 1991ರಲ್ಲಿ ಕಾರ್ಮಿಕರೇ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ 2020ರ ಫೆಬ್ರವರಿಯಲ್ಲಿ ಸಂಚಾರ ನಿಲ್ಲಿಸಿತು. 2025ರ ಸೆಪ್ಟೆಂಬರ್ 1ರಂದು ರಿಜಿಸ್ಟರ್ಡ್ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಅಕ್ಟೋಬರ್ 1ರಿಂದ ಹೊಸ ದರಗಳು ಬಂದವು. ಪರಸ್ಥಳಕ್ಕೆ 50 ಗ್ರಾಂ ವರೆಗಿನ ಲಕೋಟೆಗೆ 47 ರೂಪಾಯಿ, ಶೇಕಡ 18ರ ತೆರಿಗೆ ಸೇರಿ ಸುಮಾರು 55 ರೂಪಾಯಿ.

ಆದರೂ ದರವನ್ನು ದೂರುವ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಹತ್ತು ಕಿಲೋ ಏಕೆ ಬೇಕು?

ಸಾವಿರ ಭತ್ತದ ಕಾಳು ಸುಮಾರು 25 ಗ್ರಾಂ ತೂಗುತ್ತದೆ. ಲಕೋಟೆಯ ತೂಕವೂ 50 ಗ್ರಾಮಿನೊಳಗೇ ಬರಬೇಕಾದುದರಿಂದ 40 ಗ್ರಾಂ ಬೀಜ ಹಾಕಿದೆವೆನ್ನಿ. ಅದರಲ್ಲಿ 1,600 ಕಾಳುಗಳಿರುತ್ತವೆ. ನೀರು ನಿಲ್ಲದ ಮೇಲುಗದ್ದೆಯಲ್ಲಿ ಶ್ರೀ ಪದ್ಧತಿಯಂತೆ 25 ಸೆಂಟಿಮೀಟರ್ ಅಂತರಕ್ಕೆ ಒಂದೊಂದೇ ಸಸಿ ನೆಟ್ಟರೆ ಚದರ ಮೀಟರಿಗೆ 16 ಸಸಿ ಸಾಕು. ಮೊಳೆಯದ ಕಾಳುಗಳನ್ನು ಕಳೆದರೂ ಮುಕ್ಕಾಲು ಗುಂಟೆ ನಾಟಿಯಾಗುತ್ತದೆ. ಎಕರೆಗೆ 12 ಕ್ವಿಂಟಾಲ್ ಎಂದು ಮಿತವಾಗಿ ಲೆಕ್ಕ ಹಿಡಿದರೂ ಕೊಯ್ಲಿಗೆ 22 ಕಿಲೋ ಬೀಜ ನಮ್ಮದೇ ಅಂಗಳದಲ್ಲಿ. ಸಾಗಿಸುವ ಕೆಲಸವನ್ನು ಗದ್ದೆಯೇ ಮಾಡಿಬಿಟ್ಟಿತು. ನಾವು ತೆರಬೇಕಾದುದು ಒಂದು ಮಳೆಗಾಲದ ತಾಳ್ಮೆಯನ್ನು ಮಾತ್ರ. ಭತ್ತವು ಬಹುಪಾಲು ಸ್ವಕೀಯ ಪರಾಗಸ್ಪರ್ಶದ ಬೆಳೆಯಾದುದರಿಂದ, ಬೆರಕೆ ತೆನೆಗಳನ್ನು ಕಿತ್ತುಹಾಕಿದರೆ ಇಷ್ಟು ಕಡಿಮೆ ಬೀಜದಿಂದಲೂ ತಳಿ ಶುದ್ಧವಾಗಿ ಉಳಿಯುತ್ತದೆ.

ಇದು ಬರಿಯ ಲೆಕ್ಕಾಚಾರವಲ್ಲ. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದುದು ವಿಸ್ತಾರವಾದ ಬಯಲಿನಲ್ಲಿ ಅಲ್ಲ, ಮಣ್ಣು ತುಂಬಿದ ಚೀಲಗಳಲ್ಲಿ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ತಳಿ ಉಳಿಯಲು ಹಿಡಿಯಷ್ಟು ಕಾಳು ಸಾಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯ ಉಳಿತಾಯ ಒಟ್ಟುಗೂಡಿಸುವುದರಲ್ಲಿದೆ. 200 ಕಿಲೋಮೀಟರ್ ವರೆಗೆ ಅರ್ಧ ಕಿಲೋ ಸ್ಪೀಡ್ ಪೋಸ್ಟಿಗೆ ತೆರಿಗೆ ಸೇರಿ ಸುಮಾರು 83 ರೂಪಾಯಿ. ಹತ್ತು ತಳಿಗಳ 40 ಗ್ರಾಮಿನ ಪೊಟ್ಟಣಗಳನ್ನು ಒಂದೇ ಕಟ್ಟಿನಲ್ಲಿ ಕಳಿಸಿದರೆ ತಳಿಯೊಂದಕ್ಕೆ ಎಂಟೂಕಾಲು ರೂಪಾಯಿ ಬಿದ್ದಂತಾಯಿತು; ಬಿಡಿಬಿಡಿಯಾಗಿ ಕಳಿಸಿದರೆ ಹತ್ತಕ್ಕೂ ಸೇರಿ 550 ರೂಪಾಯಿ ದಾಟುತ್ತದೆ. ಊರಿಗೊಬ್ಬರು ಕಟ್ಟನ್ನು ತರಿಸಿ ಹಂಚುವ ಹೊಣೆ ಹೊರಬೇಕು. ವಿದ್ಯಾರ್ಥಿಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಶೇಕಡ 10ರ ರಿಯಾಯಿತಿಯೂ ಇದೆ. ನಮ್ಮ ಮೂರು ತಾಲ್ಲೂಕುಗಳ ಒಳಗಂತೂ ಅಂಚೆಯೇ ಬೇಡ: ಸಂತೆಗೆ, ಸೊಸೈಟಿಗೆ, ಕಾಲೇಜಿಗೆ ದಿನನಿತ್ಯ ಓಡಾಡುವವರ ಚೀಲದಲ್ಲಿ ಒಂದು ಪೊಟ್ಟಣಕ್ಕೆ ಜಾಗವಿಲ್ಲದಿಲ್ಲ.

ಅಗ್ಗವೆಂದು ಅಜಾಗರೂಕರಾಗಬಾರದು. ಒಮ್ಮೆ ಆಷಾಢದಲ್ಲಿ ನನಗೆ ಬಂದ ಪೊಟ್ಟಣದಲ್ಲಿ ಕಾಳುಗಳು ಮೊಳೆತು ಹೆಣೆದುಕೊಂಡಿದ್ದವು. ವಿನಿಮಯವನ್ನು ಮಾಘ, ಫಾಲ್ಗುಣಗಳಲ್ಲೇ ಮುಗಿಸಬೇಕು. ತೇವಾಂಶ ಶೇಕಡ 13ಕ್ಕಿಂತ ಕೆಳಗಿಳಿಯುವಂತೆ, ಕಚ್ಚಿದರೆ ಕಾಳು ಕಟಕ್ಕೆನ್ನುವಂತೆ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಬೇಕು. ತಳಿಯ ಹೆಸರು, ಊರು, ಕೊಯ್ಲಿನ ವರ್ಷ, ಎಷ್ಟು ದಿನದ ಬೆಳೆ ಎಂಬ ಚೀಟಿ ಒಳಗಿರಲಿ. ಹೆಸರಿಲ್ಲದ ಬೀಜ ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಬರೀ ಭತ್ತವಾಗುತ್ತದೆ. ಕಾಳುಮೆಣಸಿನ ಬಳ್ಳಿಯನ್ನು ಮಾತ್ರ ಬೇರು ಮಣ್ಣಿನೊಡನೆ ಕಳಿಸಲೇಕೂಡದು. ಸೊರಗು ರೋಗಕ್ಕೆ ನಾವೇ ಟಿಕೆಟು ಕೊಟ್ಟಂತಾದೀತು.

ಇಷ್ಟು ನಮ್ಮ ಕರ್ತವ್ಯ. ಸರ್ಕಾರದ್ದೂ ಒಂದಿದೆ. ಬ್ರಾಂಡ್ ಮಾಡಿದ ಸಂರಕ್ಷಿತ ತಳಿಯ ಮಾರಾಟವೊಂದನ್ನು ಬಿಟ್ಟರೆ, ಬೀಜವನ್ನು ಉಳಿಸಿಕೊಳ್ಳುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನಿಗೆ ಕೊಟ್ಟಿದೆ. ಪುಸ್ತಕಗಳಿಗಾಗಿ ಅಂಚೆ ಇಲಾಖೆಯು 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಆರಂಭಿಸಿ, 300 ಗ್ರಾಂ ವರೆಗೆ 20 ರೂಪಾಯಿಯ ದರ ಇಟ್ಟಿತು. ಬೀಜವೂ ಜ್ಞಾನವೇ, ತಲೆಮಾರುಗಳು ಗದ್ದೆಯಲ್ಲಿ ಬರೆದು ತಿದ್ದಿದ ಜ್ಞಾನ. ಮಾರಾಟಕ್ಕಲ್ಲದ ನಾಟಿ ಬೀಜಗಳ ಸಣ್ಣ ಪೊಟ್ಟಣಗಳಿಗೂ ಅಂತಹುದೇ ದರ ಬೇಕೆಂದು ಗ್ರಾಮಸಭೆಗಳು ನಿರ್ಣಯಿಸಿ ಇಲಾಖೆಗೆ ಕಳಿಸಲಿ. ಉತ್ತರ ಬರುವ ತನಕ ನಾವು ಕಾಯಬೇಕಿಲ್ಲ. ಈ ವಾರವೇ ಮನೆಯ ಬಿತ್ತನೆ ಭತ್ತದಿಂದ ನಲವತ್ತು ಗ್ರಾಂ ತೆಗೆದು, ಚೀಟಿ ಬರೆದು, ಬೇರೊಂದು ಮನೆಗೆ ಮುಟ್ಟಿಸೋಣ.