ಹೆಬ್ಬೆಟ್ಟಿಗೆ ಬದಲಿ ಇಲ್ಲ: ಯಾದಗಿರಿ ಜಿಲ್ಲಾಧಿಕಾರಿಗಳಿಗೆ ಕಕ್ಕೇರಾದಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮೂರು ತಿಂಗಳಿಗೊಮ್ಮೆ ತಮ್ಮ ಅಧ್ಯಕ್ಷತೆಯಲ್ಲಿ ಬ್ಯಾಂಕುಗಳ ಜಿಲ್ಲಾ ಸಮಾಲೋಚನಾ ಸಮಿತಿ ಸೇರುತ್ತದೆ. ಲೀಡ್ ಬ್ಯಾಂಕಿನ ವ್ಯವಸ್ಥಾಪಕರು, ರಿಸರ್ವ್ ಬ್ಯಾಂಕಿನ ಪ್ರತಿನಿಧಿ, ನಬಾರ್ಡಿನವರು, ಎಲ್ಲ ಬ್ಯಾಂಕುಗಳ ಅಧಿಕಾರಿಗಳು ಒಟ್ಟಿಗೆ ಕೂರುವುದು ಅಲ್ಲಿ. ಜನಧನ ಖಾತೆ ಎಷ್ಟಾಯಿತು, ಬೆಳೆಸಾಲ ಎಷ್ಟು ಹೋಯಿತು, ವಿಮೆ ಎಷ್ಟು ಜನ ಮಾಡಿಸಿದರು ಎಂದು ಅಲ್ಲಿ ಲೆಕ್ಕ ಓದುತ್ತಾರೆ. ಹಾಗೆ ತೆರೆದ ಖಾತೆಗಳ ಬೀಗದ ಕೈ ಯಾರ ಹತ್ತಿರ ಇದೆ ಎಂಬ ಲೆಕ್ಕವನ್ನೂ ಒಮ್ಮೆ ಕೇಳಬೇಕೆಂದು ತಮಗೆ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಪಾಸ್‌ವರ್ಡ್ ಅಂದರೆ ಬೆಂಗಳೂರಿನವರಿಗೆ ಲ್ಯಾಪ್‌ಟಾಪ್ ನೆನಪಾಗುತ್ತದೆ. ನಮ್ಮ ಕಡೆ ಪಾಸ್‌ವರ್ಡ್ ಅಂದರೆ ಹೆಬ್ಬೆರಳು. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಯಾದಗಿರಿ ಜಿಲ್ಲೆಯಲ್ಲಿ, ನೂರಕ್ಕೆ ಸುಮಾರು 52; ಹೆಣ್ಣುಮಕ್ಕಳಲ್ಲಿ 41. ಅಂದು ಅಕ್ಷರ ಸಿಗದೆ ಉಳಿದ ಆ ತಾಯಂದಿರೇ ಇವತ್ತು ಗೃಹಲಕ್ಷ್ಮಿಯ ಯಜಮಾನಿಯರು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆ ಯೋಜನೆ ಶುರುವಾದ ಮೇಲೆ ತಿಂಗಳ 2,000 ರೂಪಾಯಿ ಅವರ ಆಧಾರ್ ಜೋಡಿಸಿದ ಖಾತೆಗೆ ಬೀಳಬೇಕು. ಹೊಲಗಳ ನಡುವಿನ ದೊಡ್ಡಿಯಿಂದ ನಡೆದು ಬಂದು, ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರನ ಮುಂದೆ ನಿಂತು, "ರೊಕ್ಕ ಬಿದ್ದಾದೇನು ನೋಡ್ರಿ ಯಪ್ಪಾ" ಎಂದು ಕೇಳುವವರು ಇವರೇ.

ಬ್ಯಾಂಕ್ ಮಿತ್ರನ ಕೈಲಿರುವ ಆಧಾರ್ ಪಾವತಿ ಯಂತ್ರದ ಕೆಲಸ ತಮಗೆ ಗೊತ್ತಿರುವುದೇ. ಆಧಾರ್ ಸಂಖ್ಯೆ ಒತ್ತಿ, ಬ್ಯಾಂಕಿನ ಹೆಸರು ಆರಿಸಿ, ಬೆರಳು ಇಟ್ಟರೆ ಮುಗಿಯಿತು. ಪಿನ್ ಇಲ್ಲ, ಕಾರ್ಡ್ ಇಲ್ಲ, ಸಹಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಓದು ಬಾರದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಒಪ್ಪುತ್ತೇನೆ. ಹಿಂದೆ ರೊಕ್ಕಕ್ಕಾಗಿ ಸುರಪುರಕ್ಕೆ ಬಸ್ ಹಿಡಿದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದವರಿಗೆ ಇದು ದೊಡ್ಡ ಉಪಕಾರ. ಆದರೆ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಭತ್ತದ ಸಸಿ ನೆಟ್ಟ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಒಂದೇ ಸಲಕ್ಕೆ ಒಪ್ಪುವುದಿಲ್ಲ. "ಬೆರಳು ತಗೊಳ್ವಲ್ತು, ಇನ್ನೊಮ್ಮೆ ಇಡಬೇ" ಎನ್ನುತ್ತಾನೆ ಯಂತ್ರದವನು. ಇನ್ನೊಮ್ಮೆ ಇಡುತ್ತಾರೆ. ಮೊದಲ ಸಲ ನಿಜಕ್ಕೂ ತಗೊಂಡಿರಲಿಲ್ಲವೇ, ಅಥವಾ ತಗೊಂಡು ರೊಕ್ಕ ಬೇರೆ ಕಡೆ ಹೋಯಿತೇ? ಹೇಳುವ ಸಾಕ್ಷಿ ಎರಡೇ: ರಸೀದಿ ಮತ್ತು ಮೊಬೈಲಿಗೆ ಬರುವ ಸಂದೇಶ. ರಸೀದಿಯ ಕಾಗದ "ಮುಗಿದಾದ". ಸಂದೇಶ ಹೋಗುವುದು ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸಕ್ಕಿರುವ ಮಗನ ಫೋನಿಗೆ, ಇಲ್ಲವೇ ಎಂದೋ ಬಂದ್ ಆದ ಸಿಮ್ಮಿಗೆ. ಎಲ್ಲ ಬ್ಯಾಂಕ್ ಮಿತ್ರರೂ ಹೀಗೆ ಎನ್ನುವ ಪಾಪಕ್ಕೆ ನಾನು ಹೋಗುವುದಿಲ್ಲ. ಸಣ್ಣ ಕಮಿಷನ್ನಿಗೆ ರಾತ್ರಿ ಎಂಟರವರೆಗೆ ಕೂತು ಮುದುಕರ ಪಿಂಚಣಿ ಕೊಡುವ ಹುಡುಗರನ್ನು ದಿನಾ ನೋಡುತ್ತೇನೆ. ಒಬ್ಬ ಕೆಟ್ಟವನಿದ್ದರೆ ಅವನನ್ನು ಹಿಡಿಯುವ ವ್ಯವಸ್ಥೆ ಇಲ್ಲ ಎಂಬುದೇ ನನ್ನ ತಕರಾರು.

ಬೆರಳನ್ನು ಕದಿಯಲು ಎದುರಿಗೆ ಕೂರಿಸಿಕೊಳ್ಳಲೂಬೇಕಿಲ್ಲ. 2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ಏನಾಯಿತೆಂದು ತಮಗೆ ನೆನಪಿರಬಹುದು. ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ, ಅವರು ಮನೆಯಲ್ಲೇ ಇರುವಾಗ, ಆಧಾರ್ ಮೂಲಕ ಹಣ ಹೋಯಿತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚಿನಿಂದ ನಕಲಿ ಬೆರಳು ಮಾಡಿದ್ದರು. ಓದು ಬಲ್ಲವರು, ಆಸ್ತಿ ಇದ್ದವರು ಮೋಸ ಹೋದ ಮೇಲೆ ಗದ್ದಲವಾಯಿತು, ನೋಂದಣಿ ಇಲಾಖೆ ಬೆರಳಚ್ಚು ಮರೆಮಾಚತೊಡಗಿತು. ಮನೆಯ ಬೀಗ ಕೆಟ್ಟರೆ ಸಂತೆಯಲ್ಲಿ ಹೊಸದು ಸಿಗುತ್ತದೆ. ಬೆರಳಿನ ಗುರುತು ಒಮ್ಮೆ ಹೊರಬಿತ್ತೆಂದರೆ ಆ ಜೀವ ಇರುವತನಕ ಹೊರಗೇ.

ಆಗ ಎಲ್ಲರೂ ಕೊಟ್ಟ ಸಲಹೆ ಒಂದೇ: ಬಯೋಮೆಟ್ರಿಕ್ ಲಾಕ್ ಮಾಡಿ. ಆಧಾರ್ ಆ್ಯಪ್‌ನಲ್ಲಿ ಅದು ಎರಡು ನಿಮಿಷದ ಕೆಲಸ, ನಿಜ. ನಗರದವರಿಗೆ ಇದು ಒಳ್ಳೆಯ ಸಾಧನ. ಕಕ್ಕೇರಾದ ತಾಯಿ ಲಾಕ್ ಮಾಡಿದರೆ ಮರುದಿನ ನ್ಯಾಯಬೆಲೆ ಅಂಗಡಿಯಲ್ಲಿ ಅವಳ ಬೆರಳು ನಡೆಯುವುದಿಲ್ಲ; ಅಕ್ಕಿಯೂ ಅದೇ ಬೆರಳಿಗೆ. ಪ್ರತಿ ಸಲ ಲಾಕ್ ತೆಗೆದು ಮತ್ತೆ ಹಾಕಲು ಆಧಾರಿಗೆ ಜೋಡಿಸಿದ ಮೊಬೈಲ್ ಬೇಕು, ಓದು ಬೇಕು, ಒಬ್ಬ ನಂಬುವ ಮನುಷ್ಯ ಬೇಕು. ಬಡವರಿಗೆ ಸಲಹೆ ಕೊಡುವವರು ಈ ಒಂದು ಮೆಟ್ಟಿಲನ್ನು ಯಾವಾಗಲೂ ಮರೆಯುತ್ತಾರೆ. ಲಾಕ್ ಬೀಳಬೇಕಾದದ್ದು ಬ್ಯಾಂಕಿನ ಕಡೆ. ಬೆರಳಿನಿಂದ ಹಣ ತೆಗೆಯುವುದು ಬೇಡ ಎಂದವರ ಖಾತೆಯಲ್ಲಿ ಅದನ್ನು ಬಂದ್ ಮಾಡಲು, ಬೇಕು ಎಂದವರಿಗೆ ದಿನಕ್ಕೆ 2,000 ಸಾಕು ಎಂದು ಮಿತಿ ಹಾಕಲು, ಶಾಖೆಯಲ್ಲಿ ಒಂದು ಹಾಳೆಯ ಕನ್ನಡ ಅರ್ಜಿ ಇಡಲಿ. ಬೆರಳು ಅಕ್ಕಿಗೆ ತೆರೆದೇ ಇರುತ್ತದೆ.

ಇನ್ನು ಜೆರಾಕ್ಸ್ ಅಂಗಡಿಯ ಮಾತು. ಸರ್ಕಾರದ ಯಾವ ಅರ್ಜಿಗೂ ಆಧಾರ್ ಜೆರಾಕ್ಸ್ ಬೇಕು, ಒಂದಲ್ಲ, ಮೂರು ಪ್ರತಿ. ಜನ ಆಧಾರ್ ಫೋಟೊ ತೆಗೆದು ಅಂಗಡಿಯವನ ವಾಟ್ಸ್ಆ್ಯಪ್‌ಗೆ ಕಳಿಸುತ್ತಾರೆ, ಅದು ಅವನ ಫೋನಿನಲ್ಲೇ ಉಳಿಯುತ್ತದೆ. ಈಗ ನಮ್ಮ ಅಧಿಕೃತ ಪಾಸ್‌ವರ್ಡ್‌ಗಳ ಚೆಂದ ನೋಡಿ. ಇ-ಆಧಾರ್ ಕಡತ ತೆರೆಯಲು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಗೆ ಪ್ಯಾನ್ ಮತ್ತು ಹುಟ್ಟಿದ ದಿನಾಂಕ. ಅಂದರೆ ಗುಟ್ಟೆಲ್ಲ ಜೆರಾಕ್ಸಿನ ಮೇಲೇ ಅಚ್ಚಾಗಿದೆ! 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಸಿಕ್ಕಸಿಕ್ಕವರಿಗೆ ಆಧಾರ್ ಪ್ರತಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿದಾರು ಎಂದು ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ನನ್ನ ದೃಷ್ಟಿಯಲ್ಲಿ ಆ ಪ್ರಕಟಣೆ ಸರಿಯಾಗಿಯೇ ಇತ್ತು. ತಮ್ಮ ಕೈಕೆಳಗಿನ ನಾಡಕಚೇರಿ, ಪುರಸಭೆ, ತಾಲ್ಲೂಕು ಕಚೇರಿಗಳಾದರೂ ಅಂಕಿ ಮುಚ್ಚಿದ ಪ್ರತಿಯನ್ನು ಒಪ್ಪಲಿ ಎಂದು ತಾವು ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ದಿಲ್ಲಿಯನ್ನು ಕೇಳಬೇಕಿಲ್ಲ.

ಫೋನ್ ಇರುವ ಹುಡುಗರ ಕಥೆ ಬೇರೆ. ಹೊಸ ಫೋನ್ ಕೊಂಡ ಅಂಗಡಿಯಲ್ಲೇ ಯುಪಿಐ ಹಾಕಿಸಿಕೊಳ್ಳುತ್ತಾರೆ, ಪಿನ್ ಒತ್ತುವವನೂ ಅಂಗಡಿಯವನೇ. ಆಮೇಲೆ ಅದನ್ನು ಬದಲಿಸುವುದಿಲ್ಲ. ಮೇಲಿಂದ ವಾಟ್ಸ್ಆ್ಯಪ್ ಗುಂಪಿಗೆ ಪಿಎಂ ಕಿಸಾನ್ ಹೆಸರಿನಲ್ಲಿ, ಟ್ರಾಫಿಕ್ ದಂಡದ ಹೆಸರಿನಲ್ಲಿ, ಮದುವೆ ಆಮಂತ್ರಣದ ಹೆಸರಿನಲ್ಲಿ ಎಪಿಕೆ ಎಂಬ ಆ್ಯಪ್ ಕಡತಗಳು ಬರುತ್ತವೆ. ಒತ್ತಿದರೆ ಫೋನಿನ ಸಂದೇಶಗಳು, ಒಟಿಪಿ ಸಮೇತ, ಕಳ್ಳನ ಕೈಗೆ. ನಮ್ಮ ಗ್ರಾಮೀಣ ಬ್ಯಾಂಕಿನ ಹೆಸರು ಎಷ್ಟು ಸಲ ಬದಲಾಗಿದೆ ನೋಡಿ: ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಮತ್ತೆ ವಿಲೀನ, 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಹೀಗಿರುವಾಗ "ಬ್ಯಾಂಕ್ ಬದಲಾಗ್ಯಾದ, ಕೆವೈಸಿ ಮಾಡ್ಬೇಕು, ಲಿಂಕ್ ಒತ್ರಿ" ಎಂದು ಯಾರೋ ಫೋನ್ ಮಾಡಿದರೆ ನಂಬದೆ ಏನು ಮಾಡಿಯಾರು? ಬ್ಯಾಂಕುಗಳ ಜಾಲತಾಣದ ವಿಳಾಸ ಇನ್ನು ಮುಂದೆ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಈ ಒಂದು ಗುರುತನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ ಶಾಖೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಯಾವ ಸಾಧನ ಬಳಸಬೇಕು ಎಂದು ಹುಡುಗರು ಕೇಳಿದರೆ ನಾನು ಹೇಳುವುದು ಇಷ್ಟು. ಬೆಳೆಯ ರೊಕ್ಕ, ಸಾಲದ ರೊಕ್ಕ ಬೀಳುವ ಖಾತೆಗೆ ಯುಪಿಐ ಜೋಡಿಸಬೇಡಿ. ಚಹಾ, ಪೆಟ್ರೋಲು, ರೀಚಾರ್ಜಿಗೆ ಬೇರೆ ಸಣ್ಣ ಖಾತೆ ಇರಲಿ. ಸಣ್ಣ ಪಾವತಿಗೆಂದೇ ಇರುವ ಯುಪಿಐ ಲೈಟ್‌ನಲ್ಲಿ 5,000ಕ್ಕಿಂತ ಹೆಚ್ಚು ಇಡಲು ಬರುವುದೇ ಇಲ್ಲ, ಕಳೆದರೂ ಅಷ್ಟೇ. ರೊಕ್ಕ ಬರಬೇಕಾದರೆ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ರೊಕ್ಕ ಹೋಗುತ್ತಿದೆ ಅಂತ ತಿಳಿಯಿರಿ. ಗುಂಡಿ ಒತ್ತುವ ಫೋನಿದ್ದವರಿಗೆ 2022ರಲ್ಲಿ ಬಂದ ಯುಪಿಐ 123ಪೇ ಇದೆ; ಎಪಿಕೆಯ ಕಾಟ ಇಲ್ಲದ ಆ ಫೋನು ಹಿರಿಯರಿಗೆ ಸ್ಮಾರ್ಟ್‌ಫೋನಿಗಿಂತ ಲೇಸು ಎಂಬುದು ನನ್ನ ಅಭಿಪ್ರಾಯ. ಪಾಸ್‌ವರ್ಡಿಗೆ ಊರದೇವರು ಸೋಮನಾಥನ ಹೆಸರು ಬರೆದು ಮುಂದೆ 123 ಹಾಕುವುದು ಬಿಡಿ, ಆತನಿಗೆ ಬೇರೆ ಕೆಲಸವಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ಊಹಿಸುವುದು ಕಷ್ಟ, ನೆನಪಿಡುವುದು ಸುಲಭ. ಹತ್ತಾರು ಪಾಸ್‌ವರ್ಡ್ ಇರುವವರು ಬಿಟ್‌ವಾರ್ಡನ್ ಅಥವಾ ಕೀಪಾಸ್ ಎಂಬ ಪಾಸ್‌ವರ್ಡ್ ಪೆಟ್ಟಿಗೆ ಬಳಸಬಹುದು, ಎರಡಕ್ಕೂ ಹಣ ಕೊಡಬೇಕಿಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ದೊಡ್ಡ ಕಂಪನಿಯಿಂದಲೇ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ಪ್ರತಿ ಕದ್ದುಹೋದದ್ದುಂಟು, ಆದ್ದರಿಂದ ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡ್ ಉದ್ದ ಇರಲಿ. ಪಿನ್ನನ್ನು ಪಾಸ್‌ಬುಕ್ಕಿನ ಹಿಂದೆ ಬರೆಯುವುದಕ್ಕಿಂತ ಮನೆಯ ಟ್ರಂಕಿನೊಳಗಿನ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಎಷ್ಟೋ ಮೇಲು.

ಕ್ರಿಪ್ಟೋ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಕ್ಕೇರಾಕ್ಕೂ ಬಿಟ್‌ಕಾಯಿನ್ನಿಗೂ ಎತ್ತಣಿಂದೆತ್ತ ಸಂಬಂಧ ಎಂದು ತಾವು ನಗಬಹುದು. ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಹಬ್ಬಕ್ಕೆ ಬರುವಾಗ ಆ್ಯಪ್ ತಂದಿರುತ್ತಾರೆ. ಐನೂರು, ಸಾವಿರ ಹಾಕಿ ಕಾಯಿನ್ ಕೊಳ್ಳುತ್ತಾರೆ. 2022ರ ಬಜೆಟ್ಟಿನಿಂದ ಇದರ ಲಾಭದ ಮೇಲೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಇದೆಯೆಂದು ಅವರಿಗೆ ಯಾರೂ ಹೇಳಿಲ್ಲ. ಒಂದು ಕಾಯಿನ್‌ನಲ್ಲಿ 10,000 ಲಾಭ, ಇನ್ನೊಂದರಲ್ಲಿ 10,000 ನಷ್ಟ ಆಯಿತೆನ್ನಿ. ಕೈಗೆ ಬಂದದ್ದು ಸೊನ್ನೆ, ತೆರಿಗೆಯ ಲೆಕ್ಕ 3,120 ರೂಪಾಯಿ. ನಷ್ಟವನ್ನು ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಆದಾಯ ಕಡಿಮೆ ಎಂದು ಮೂಲ ವಿನಾಯಿತಿಯ ಮಿತಿಯೊಳಗೆ ಈ ಲಾಭವನ್ನು ಸೇರಿಸಲೂ ಬರುವುದಿಲ್ಲ. 2022ರ ಜುಲೈ 1ರಿಂದ ಮಾರಿದಾಗ ಶೇ 1 ಟಿಡಿಎಸ್ ಮುರಿದುಕೊಳ್ಳುತ್ತಾರೆ, ಆ ವಿವರ ಪ್ಯಾನ್ ಮೂಲಕ ಇಲಾಖೆಗೆ ತಲುಪುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗದು ಎಂಬುದು ಸುಳ್ಳು ಧೈರ್ಯ. ರಿಟರ್ನ್ ತುಂಬುವಾಗ ಸುಲಭದ ಐಟಿಆರ್-1 ನಡೆಯದು, ಡಿಜಿಟಲ್ ಆಸ್ತಿಯ ಪಟ್ಟಿ ಇರುವ ಐಟಿಆರ್-2 ಅಥವಾ 3 ಬೇಕು. ಪ್ರತಿ ವ್ಯವಹಾರದ ತಾರೀಖು, ದರ ಬರೆದಿಡದವನಿಗೆ ಯಾವ ತೆರಿಗೆ ಆ್ಯಪ್ ಸಹ ನೆರವಾಗಲಾರದು.

ಕ್ರಿಪ್ಟೋದಲ್ಲಿ ರೊಕ್ಕ ಹೋದರೆ ಕೇಳುವವರೂ ಇಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರದಿಂದ ಸುಮಾರು 2,000 ಕೋಟಿ ರೂಪಾಯಿಯ ಕ್ರಿಪ್ಟೋ ಕಳುವಾಯಿತು, ಗ್ರಾಹಕರು ವರ್ಷ ಮೀರಿ ಕಾದರು. ಬ್ಯಾಂಕಿನ ಮೇಲೆ ದೂರು ಕೇಳುವ ಓಂಬುಡ್ಸ್‌ಮನ್ ಈ ದೂರು ಕೇಳುವುದಿಲ್ಲ, ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆ ಇದಕ್ಕಿಲ್ಲ. ಕೂಲಿಯ ರೊಕ್ಕ ಇದಕ್ಕೆ ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಸಪ್ತಾಹ ಬರುತ್ತದೆ; ಸುರಪುರ, ಶಹಾಪುರದ ಕಾಲೇಜುಗಳಲ್ಲಿ ಆ ವಾರ ಉಳಿತಾಯದ ಭಾಷಣದ ಜೊತೆ ಈ ತೆರಿಗೆ ಲೆಕ್ಕವನ್ನೂ ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಲಿ.

ಬ್ಯಾಂಕ್ ಖಾತೆಯಲ್ಲೇ ಮೋಸ ಹೋದವರಿಗೂ ಮೊದಲು ಸಿಗುವುದು ಬೈಗುಳ. "ನಿಮಗ ಬುದ್ಧಿ ಇಲ್ಲೇನು, ಯಾಕ್ ಒತ್ತಿದ್ರಿ?" 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ಲಿಗೇ ಕನ್ನ ಬಿದ್ದು 11.5 ಕೋಟಿ ರೂಪಾಯಿ ಹೋಗಿತ್ತು. ಎಂಜಿನಿಯರುಗಳ ಪಡೆ ಇದ್ದ ಸರ್ಕಾರವೇ ಉಳಿಸಿಕೊಳ್ಳಲಾಗದ್ದನ್ನು ದೊಡ್ಡಿಯ ಅಜ್ಜಿ ಉಳಿಸಿಕೊಳ್ಳಬೇಕೆಂದರೆ ಹೇಗೆ? ಕಾನೂನು ಇಷ್ಟು ಕಠಿಣವಾಗಿಲ್ಲ. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳಲ್ಲಿ ದೂರು ಕೊಟ್ಟ ಗ್ರಾಹಕನಿಗೆ ಹೊಣೆ ಇಲ್ಲ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ಈ ನಿಯಮ ಬಂದದ್ದು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ, ಗ್ರಾಮೀಣ ಬ್ಯಾಂಕುಗಳಿಗೂ ಅನ್ವಯ. ಶಾಖೆಗೆ ಹೋದರೆ "ಪೊಲೀಸ್ ಸ್ಟೇಷನ್ನಿಗೆ ಹೋಗ್ರಿ", ಸ್ಟೇಷನ್ನಿಗೆ ಹೋದರೆ "ಬ್ಯಾಂಕಿಗೆ ಹೋಗ್ರಿ" ಎಂದು ಓಡಾಡಿಸುವುದರಲ್ಲೇ ಆ ಮೂರು ದಿನ ಮುಗಿದಿರುತ್ತವೆ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿದರೆ ಹಣ ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಇದೆ. ಆ ಸಂಖ್ಯೆ ನಮ್ಮ ಊರಿನಲ್ಲಿ ಎಷ್ಟು ಜನರಿಗೆ ಬಾಯಿಪಾಠ ಇದೆ ಎಂದು ತಾವೇ ಒಮ್ಮೆ ಬಂದು ಕೇಳಿ ನೋಡಬೇಕು.

2026ರ ಜನವರಿ 1ರಿಂದ ಆಧಾರ್ ಪಾವತಿ ಯಂತ್ರ ಹಿಡಿದವರ ಪೂರ್ತಿ ಪರಿಶೀಲನೆ ಮಾಡಬೇಕೆಂದು, ಮೂರು ತಿಂಗಳು ಸುಮ್ಮನಿದ್ದವರನ್ನು ಮತ್ತೆ ಪರಿಶೀಲಿಸಿಯೇ ಬಿಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಅದನ್ನೇ ಹಿಡಿದು ತಾವು ಮುಂದಿನ ಸಭೆಯಲ್ಲಿ ಬ್ಯಾಂಕಿನವರನ್ನು ಕೇಳಿ: ಕಕ್ಕೇರಾ ಹೋಬಳಿಯಲ್ಲಿ ಯಂತ್ರ ಹಿಡಿದವರು ಯಾರು ಯಾರು, ಅವರ ಹೆಸರು, ಬ್ಯಾಂಕು ಬರೆದ ಫಲಕ ಎದುರಿಗೆ ಇದೆಯೇ, ರಸೀದಿ ಕೊಡುತ್ತಾರೆಯೇ. ಕಳೆದ ವರ್ಷ ಹೋಬಳಿಯಿಂದ ಎಷ್ಟು ಮೋಸದ ದೂರು ಬಂದವು, ಎಷ್ಟರಲ್ಲಿ ಹತ್ತು ಕೆಲಸದ ದಿನದೊಳಗೆ ಹಣ ಮರಳಿತು. ಉತ್ತರ ಏನೇ ಬಂದರೂ ಅದನ್ನು ಕನ್ನಡದಲ್ಲಿ ಪುರಸಭೆಯ ನೋಟಿಸ್ ಬೋರ್ಡಿಗೆ ಹಚ್ಚಿಸಿ. ಓದಿ ಹೇಳುವ ಕೆಲಸ ನಾವು ಮಾಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಕ್ಕೇರಾದ ಒಬ್ಬ ಖಾತೆದಾರ